ಆರರಿಂದ ಹತ್ತು

ಅವಳನ್ನು ಅವನು ಮೊದಲು ನೋಡಿದ್ದು ಗಾಜಿನ ಆಚೆ. ಮಾಡಬಾರದ್ದನ್ನು ಮಾಡಿದ್ದು ಅದೇ ಗಾಜಿನ ಈಚೆ. ಎರಡರ ನಡುವೆ ಒಂದು ಗಂಟೆಯೂ ಕಳೆದಿರಲಿಲ್ಲ.

ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಲಿಫ್ಟಿನ ಪಕ್ಕ, ಟೆಲಿಫೋನ್ ಕೋಣೆ. ಗಾಜಿನ ಗೋಡೆಯೊಂದು ಅದನ್ನು ಎರಡು ಮಾಡಿತ್ತು. ಆಚೆ ಆಪರೇಟರ್ ಮೇಜು: ಫೋನು, ಹೆಡ್‌ಸೆಟ್, ವಾರ್ಡುಗಳ ನಂಬರ್ ಬರೆದ ರಟ್ಟು, ಬಾಟಲಿಯ ನೀರಿನಲ್ಲಿ ಬೇರು ಬಿಟ್ಟುಕೊಂಡ ಒಂದು ಬಳ್ಳಿ. ಈಚೆ ಯಂತ್ರಗಳು: ಆಳೆತ್ತರದ ಕಬ್ಬಿಣದ ರ್ಯಾಕ್, ಜಡೆಯ ಹಾಗೆ ಇಳಿಬಿದ್ದ ನೀಲಿ ಕೇಬಲ್‌ಗಳು, ನಡುಬೇಸಿಗೆಯಲ್ಲೂ ಸ್ವೆಟರ್ ಬೇಡುವ ಎ.ಸಿ. ಗಾಜಿನ ನಡುವೆ ಕೈ ತೂರುವಷ್ಟು ಅಗಲದ ಒಂದು ಸರಿಸುವ ಕಿಟಕಿ.

ಆಸ್ಪತ್ರೆಯ ಯಾವ ಫೋನಿನಿಂದ ಸೊನ್ನೆ ಒತ್ತಿದರೂ ಸಿಗುವವಳು ಅವಳೇ. ಹಾಗಾಗಿ ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವಳು ‘ಸೊನ್ನೆ ಮೇಡಂ’. ಅದಕ್ಕೆ ಅವಳಿಗೇನೂ ಬೇಸರವಿರಲಿಲ್ಲ. “ಹಿಂದೆ ಸೊನ್ನೆ ನಿಂತ್ರೆ ತಾನೇ ಒಂದಕ್ಕೆ ಹತ್ತರ ಬೆಲೆ?” ಎನ್ನುತ್ತಿದ್ದಳು.

ಅವನು ಬಂದದ್ದು ಹಳೆಯ ಎಕ್ಸ್‌ಚೇಂಜ್ ತೆಗೆದು, ನೆಟ್‌ವರ್ಕ್ ಮೇಲೆ ಮಾತು ಸಾಗಿಸುವ ಹೊಸ ಪೆಟ್ಟಿಗೆ ಕೂರಿಸಲು. ಮೊದಲ ದಿನ ಬರೀ ಪರೀಕ್ಷೆ. ಆಸ್ಪತ್ರೆಯ ಹಳೆಯ ನಂಬರ್ ಒಂದನ್ನು ಮಾತ್ರ ಹೊಸ ಪೆಟ್ಟಿಗೆಗೆ ಹಾಕುವುದು. ಆ ನಂಬರನ್ನು ಜನ ಮರೆತು ಎಷ್ಟೋ ವರ್ಷವಾಗಿತ್ತು, ದಿನಕ್ಕೆ ಒಂದೆರಡು ಕರೆ ಬಂದರೆ ಹೆಚ್ಚು.

ಅವನು ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಕಿಟಕಿ ಸರಿಯಿತು.

“ಏನ್ರೀ, ನಿಮ್ಮ ಪೆಟ್ಟಿಗೆ ಬಂದ್ರೆ ನನ್ನ ಕೆಲಸ ಹೋಗಲ್ಲ ತಾನೇ?”

ಅವನು ತಲೆ ಅಲ್ಲಾಡಿಸಿದ.

“ಅದು ಹೋಗಲ್ಲ ಅಂತಾನೋ, ಹೋಗತ್ತೆ ಅಂತಾನೋ?”

ಅವನು ಮತ್ತೆ ತಲೆ ಅಲ್ಲಾಡಿಸಿದ. ಅವಳ ಕಣ್ಣಿನ ಅಂಚಿನಲ್ಲಿ ನಗು ಮೂಡಿ, ತುಟಿಗೆ ಇಳಿಯಲೋ ಬೇಡವೋ ಎಂದು ಅಲ್ಲೇ ನಿಂತಿತು.

“ಚೆನ್ನಾಗಿದೆ. ಫೋನ್ ಕೆಲಸದವ್ರಿಗೆ ಮಾತೇ ಬರಲ್ಲ! ಹನ್ನೊಂದಕ್ಕೆ ನನ್ನ ಟೀ. ಅಷ್ಟರಲ್ಲಿ ಮುಗಿದ್ರೆ ಕ್ಯಾಂಟೀನಿಗೆ ಬನ್ನಿ. ಅಲ್ಲೂ ತಲೆ ಅಲ್ಲಾಡಿಸ್ತಾ ಕೂತ್ಕೋಬಹುದು.”

ಕಿಟಕಿ ಮುಚ್ಚಿತು. ಅವನ ಕಿವಿ ಮಾತ್ರ ಮುಚ್ಚಲಿಲ್ಲ. ಅಮ್ಮ ದಿನಾ ಬೆಳಿಗ್ಗೆ ರಾಗವಾಗಿ ಕಾವ್ಯ ಓದುವುದನ್ನು ಕೇಳುತ್ತಾ ಬೆಳೆದವನು ಅವನು. ಮಾತಿನ ಅರ್ಥಕ್ಕಿಂತ ಮೊದಲು ಅದರ ದನಿ ಅವನ ಒಳಗೆ ಹೋಗುತ್ತಿತ್ತು. ಈ ದನಿ ಹೋಗಿ ಕೂತ ಜಾಗದಿಂದ ಮತ್ತೆ ಏಳುವ ಲಕ್ಷಣ ಕಾಣಲಿಲ್ಲ.

ಹನ್ನೊಂದರೊಳಗೆ ಮುಗಿಸಬೇಕು.

ಪೆಟ್ಟಿಗೆಗೆ ಎರಡು ಬಾಗಿಲು. ಒಂದು ಒಳಮುಖ, ವಾರ್ಡಿನ ಫೋನುಗಳ ಕಡೆಗೆ. ಇನ್ನೊಂದು ಹೊರಮುಖ, ಊರಿನ ಕಡೆಗೆ. ಒಂದೊಂದಕ್ಕೂ ನೆಟ್‌ವರ್ಕಿನಲ್ಲಿ ಗುರುತು ಹಿಡಿಯುವ ಐಪಿ ವಿಳಾಸ ಕೊಟ್ಟು, ಯಾವ ಕೆಲಸ ಯಾವ ಬಾಗಿಲಿನಿಂದ ನಡೆಯಬೇಕೆಂದು ಸಾಲುಸಾಲಾಗಿ ಬರೆಯಬೇಕು. ಪೆಟ್ಟಿಗೆಯ ಉಸ್ತುವಾರಿ ಒಳಗಿನಿಂದ. ಹೊರಗಿನವರ ಗಂಟೆ ಹೊರಬಾಗಿಲಿನಿಂದ. ಹೊರಗಿನವರ ದನಿಯೂ ಹೊರಬಾಗಿಲಿನಿಂದ. ಮೂರೇ ಸಾಲು. ಆತುರದಲ್ಲಿ ಅವನು ಮೊದಲನೆಯ ಸಾಲನ್ನೇ ನಕಲು ಮಾಡಿ, ಎರಡನೆಯದನ್ನು ತಿದ್ದಿ, ಮೂರನೆಯದನ್ನು ತಿದ್ದಲು ಹೋಗುವಾಗ ಗಾಜಿನ ಆಚೆ ಅವಳು ಹೆಡ್‌ಸೆಟ್ ತೆಗೆದು, ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

ಮೂರನೆಯ ಸಾಲಿನಲ್ಲಿ ‘ಒಳ’ ಎಂಬುದು ಒಳವಾಗಿಯೇ ಉಳಿಯಿತು.

ಪಿಂಗ್ ಮಾಡಿ ನೋಡಿದ. ಎರಡೂ ಬಾಗಿಲು ‘ಇದ್ದೇನೆ’ ಎಂದವು. ಇನ್ನು ಉಳಿದದ್ದು ಎಣಿಕೆ. ಅದು ಅವನ ಮೇಲಧಿಕಾರಿಯ ಕಟ್ಟಪ್ಪಣೆ. ಆ ಹಿರಿಯರನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. “ಪೆಟ್ಟಿಗೆ ಸುಳ್ಳು ಹೇಳ್ಬಹುದು ಕಣಪ್ಪ, ಕಿವಿ ಹೇಳಲ್ಲ” ಎಂದು ದೊಡ್ಡಣ್ಣ ಕಲಿಸಿದ್ದರು. ಪೆಟ್ಟಿಗೆ ಮುಟ್ಟಿದಾಗಲೆಲ್ಲ ಹೊರಗಿನ ಫೋನಿನಿಂದ ಒಂದು ಕರೆ. ಈ ಕಡೆಯವರು ಒಂದರಿಂದ ಐದು ಎಣಿಸಬೇಕು, ಆ ಕಡೆಯವರು ಆರರಿಂದ ಹತ್ತು. ಹತ್ತೂ ಕಿವಿಗೆ ಬಿದ್ದ ಮೇಲೆ ರಿಜಿಸ್ಟರಿನಲ್ಲಿ ‘ಎರಡೂ ಕಡೆ ಕೇಳಿಸಿತು’ ಎಂದು ಬರೆದು ಸಹಿ.

ಮೊಬೈಲ್ ಕೈಗೆ ತೆಗೆದುಕೊಂಡ. ಹಳೆಯ ನಂಬರ್ ಒತ್ತಿದರೆ ಅವಳೇ ಎತ್ತುತ್ತಾಳೆ. ಇದುವರೆಗೆ ಅವಳ ಮುಂದೆ ಒಂದು ಮಾತೂ ಆಡಿಲ್ಲ. ಮೊದಲ ಮಾತೇ ‘ಒಂದು, ಎರಡು, ಮೂರು’ ಎಂದೇ? ಬಾಲವಾಡಿಯ ಮಗುವಿನ ಹಾಗೆ?

ನಾಚಿಕೆ ಅಂಥದ್ದು. ಮೊಬೈಲನ್ನು ಜೇಬಿಗೆ ಇಳಿಸಿದ. ಹತ್ತು ಗಂಟೆ ಹತ್ತು ನಿಮಿಷಕ್ಕೆ ರಿಜಿಸ್ಟರಿನಲ್ಲಿ ಬರೆದ: ‘ಎರಡೂ ಕಡೆ ಕೇಳಿಸಿತು.’ ಸಹಿ ಹಾಕಿದ. ಅಕ್ಷರ ಮುತ್ತಿನ ಹಾಗಿತ್ತು.

ಆಮೇಲೆ ಅವಳನ್ನು ನೋಡುತ್ತಾ ಕೂತ. ಅವಳು ಫೋನೆತ್ತಿದಳು, ಇಟ್ಟಳು. ಮತ್ತೆ ಎತ್ತಿದಳು. ಮೂರನೆಯ ಸಲ ಎದ್ದು ನಿಂತು ಏನೋ ಹೇಳಿ, ಇಟ್ಟು, ಅಂಗೈಯನ್ನು ಹಣೆಗೆ ಒತ್ತಿಕೊಂಡಳು. ಗಾಜಿನಿಂದ ದನಿ ಬರುವುದಿಲ್ಲ. ತುಟಿ ಅಲುಗುವುದಷ್ಟೇ ಕಾಣುತ್ತದೆ. ಆ ತುಟಿಗೆ ಯಾವ ಉಪಮೆ ಒಪ್ಪೀತು ಎಂದು ಅವನು ಯೋಚಿಸುತ್ತಿದ್ದ.

ಹತ್ತೂ ನಲವತ್ತಕ್ಕೆ ಬರೆದದ್ದನ್ನೆಲ್ಲ ಪ್ರತಿ ಮಾಡಿ ಇಡುವಾಗ ಮೂರನೆಯ ಸಾಲು ಕಣ್ಣಿಗೆ ಬಿತ್ತು. ಸರಸರನೆ ತಿದ್ದಿ ಉಳಿಸಿದ. ಆ ಅರ್ಧ ಗಂಟೆಯಲ್ಲಿ ಹಳೆಯ ನಂಬರಿಗೆ ಬಂದದ್ದು ಮೂರೇ ಕರೆ, ಮೂರೂ ಒಂದೇ ನಂಬರಿನಿಂದ. ಯಾರೋ ದಾರಿ ತಪ್ಪಿ ಮಾಡಿದ್ದಾರೆ ಎಂದುಕೊಂಡ. ಯಾರೂ ದೂರು ಹೇಳಲಿಲ್ಲವಲ್ಲ, ದೇವರು ದೊಡ್ಡವನು ಎಂದುಕೊಂಡ. ದೇವರನ್ನು ಅಂಥ ಕೆಲಸಕ್ಕೆ ಕರೆಯಬಾರದಿತ್ತು.

ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಅವಳ ಕಣ್ಣು ಕೆಂಪಾಗಿತ್ತು.

“ಏನಾಯ್ತು?” ಅವನ ಮೊದಲ ಮಾತು ಅದಾಯಿತು.

“ಧೂಳು” ಎಂದಳು. ಅವನು ಕರವಸ್ತ್ರ ಕೊಟ್ಟ. ಅವಳು ಒರೆಸಿಕೊಂಡು, ಮೂಗೆಳೆದು, “ಬಾಯಿ ಇದೆಯಲ್ರೀ ನಿಮಗೆ!” ಎಂದು ನಕ್ಕಳು.

*

ಅದಾದ ಮೇಲೆ ಎಂಟು ತಿಂಗಳು. ವಾರಕ್ಕೊಂದು ವಾರ್ಡಿನಂತೆ ಫೋನುಗಳನ್ನು ಹೊಸ ಪೆಟ್ಟಿಗೆಗೆ ಸೇರಿಸಲು ಅವನು ಬರುತ್ತಿದ್ದ. ಒಂದು ದಿನದಲ್ಲಿ ಮುಗಿಯುವ ವಾರ್ಡು ಎರಡು ದಿನ ಹಿಡಿಯುತ್ತಿತ್ತು. ನರ್ಸುಗಳು ಮುಸಿಮುಸಿ ನಗುತ್ತಿದ್ದರು.

“ಮಾತೆತ್ತಿದ್ರೆ ಪಿಂಗ್ ಮಾಡ್ತೀನಿ, ಪಿಂಗ್ ಮಾಡ್ತೀನಿ ಅಂತೀರಲ್ಲ, ಏನ್ರೀ ಅದು?” ಒಮ್ಮೆ ಕೇಳಿದಳು.

“ಆ ಕಡೆ ಯಾರಾದ್ರೂ ಇದ್ದೀರಾ ಅಂತ ಕೇಳೋದು. ಇದ್ರೆ, ಇದ್ದೀನಿ ಅಂತ ಉತ್ತರ ಬರತ್ತೆ.”

“ಆಮೇಲೆ?”

“ಅಷ್ಟೇ.”

“ಕ್ಷೇಮ ಸಮಾಚಾರ ಏನೂ ಇಲ್ವಾ?”

“ಇಲ್ಲ.”

“ಥೇಟ್ ನಿಮ್ಮ ಹಾಗೇ ಇದೆ!” ಅಂದಿನಿಂದ ಅವನು ‘ಪಿಂಗ್ ಸಾಹೇಬ್ರು’ ಆದ. ಗಾಜಿನ ಆಚೆಯಿಂದ ಅವಳು ಪೆನ್ನಿನಲ್ಲಿ ಒಂದು ಸಲ ಟಕ್ ಎನ್ನುತ್ತಿದ್ದಳು. ಅವನು ಸ್ಕ್ರೂಡ್ರೈವರ್‌ನಿಂದ ಟಕ್ ಎಂದು ಉತ್ತರಿಸುತ್ತಿದ್ದ. ಅವಳು ತಲೆ ಎತ್ತದೆಯೇ ನಗುತ್ತಿದ್ದಳು. ಬಗ್ಗಿದ ರೆಪ್ಪೆಯ ಕೆಳಗೆ ಆ ನಗು ದೀಪದ ಹಾಗೆ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಕಲ್ಲುಬೆಂಚಿನ ಮೇಲೆ ಅವನು ಧೈರ್ಯ ಮಾಡಿದ. ಒಗೆದ ಬೆಡ್‌ಶೀಟುಗಳು ಸಾಲಾಗಿ ಹಗ್ಗದ ಮೇಲೆ ಉಸಿರಾಡುತ್ತಿದ್ದವು.

“ಅಮ್ಮನ್ನ ಕರ್ಕೊಂಡು ನಿಮ್ಮ ಮನೆಗೆ ಬರ್ಬೇಕು ಅಂತಿದ್ದೀನಿ. ಅಲ್ಲಿ… ಯಾರ ಹತ್ರ ಮಾತಾಡ್ಬೇಕು?”

ಅವಳ ಮುಖ ಅರಳಿತು. ಅರಳಿದ್ದು ಹಾಗೆಯೇ ನಿಧಾನವಾಗಿ ಮುದುಡಿತು.

“ಯಾರೂ ಇಲ್ಲ. ಒಬ್ಳು ಅಕ್ಕ ಇದ್ಲು.”

“ಇದ್ಲು ಅಂದ್ರೆ?”

“ಇದ್ದಾಳೆ. ನನಗಿಲ್ಲ.”

ಅಮ್ಮ ಹೋದಾಗ ಅವಳಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೇಳು. ಜಡೆ ಹಾಕಿದ್ದು, ಅಕ್ಷರ ತಿದ್ದಿಸಿದ್ದು, ಜ್ವರ ಬಂದಾಗ ಮಡಿಲಲ್ಲಿ ಹಾಕಿಕೊಂಡು ಕೂತದ್ದು ಎಲ್ಲವೂ ಅಕ್ಕ. ಇವಳು ಓದು ನಡುವೆ ಬಿಟ್ಟು ಈ ಕೆಲಸಕ್ಕೆ ಸೇರುತ್ತೇನೆ ಎಂದಾಗ ಜಗಳವಾಯಿತು. ಅಕ್ಕ ಬೈದಳು. ಇವಳು ಒಂದು ಮಾತು ಆಡಿದಳು.

“‘ನೀನೇನು ನನ್ನ ಹೆತ್ತೋಳಾ?’ ಅಂದುಬಿಟ್ಟೆ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ. ಬ್ಯಾಗ್ ತಗೊಂಡು ಬಂದೆ, ಮೊಬೈಲ್ ನಂಬರ್ ಬದಲಾಯಿಸ್ದೆ. ಎರಡು ವರ್ಷ ಅವಳೂ ಮಾತಾಡ್ಲಿಲ್ಲ, ನಾನೂ ಮಾತಾಡ್ಲಿಲ್ಲ.”

“ಆಮೇಲೆ?”

“ಆಮೇಲೆ ಒಂದಿನ ಫೋನ್ ಮಾಡಿದ್ಲು. ಇಲ್ಲಿಗೇ. ಮನೆ ನಂಬರ್ ಕಣ್ಣಿಗೆ ಬೀಳ್ತಿದ್ದ ಹಾಗೆ ಎತ್ತಿದೆ. ‘ಅಕ್ಕಾ’ ಅಂದೆ. ಮಾತಿಲ್ಲ. ‘ಅಕ್ಕಾ, ಹೇಳೇ’ ಅಂದೆ. ಮಾತಿಲ್ಲ. ಮೂರು ಸಲ, ಪಿಂಗ್ ಸಾಹೇಬ್ರೇ. ಮೂರು ಸಲ ಫೋನ್ ಮಾಡಿ ಒಂದು ಉಸಿರೂ ಬಿಡ್ಲಿಲ್ಲ. ಚಿಕ್ಕಂದಿನಿಂದ ಅವಳ ಕೋಪ ಹಾಗೇನೇ. ಪಕ್ಕದಲ್ಲೇ ಕೂತಿರ್ತಾಳೆ, ಮೂರು ದಿನ ಮಾತಾಡಲ್ಲ. ನಾನು ಸೋತು ಅಳ್ಬೇಕು, ಅಲ್ಲೀತನಕ. ಎರಡು ವರ್ಷ ಆದ್ಮೇಲೂ ಅದೇ ಶಿಕ್ಷೆನಾ ಅಂತ ರೋಷ ಬಂತು. ‘ಮಾತಾಡೋಕೆ ಇಷ್ಟ ಇಲ್ಲದಿದ್ರೆ ಯಾಕೆ ಮಾಡ್ತೀಯ? ಇಡು. ಇನ್ಮೇಲೆ ಮಾಡ್ಬೇಡ’ ಅಂದೆ. ಅವಳು ಮಾಡ್ಲೂ ಇಲ್ಲ.”

“ಯಾವಾಗ ಇದು?”

“ನೀವು ಮೊದಲ್ನೇ ದಿನ ಬಂದ್ರಲ್ಲ, ಆವತ್ತೇ. ಕಣ್ಣಿಗೆ ಧೂಳು ಬಿದ್ದಿತ್ತಲ್ಲ, ನೆನಪಿಲ್ವಾ?” ಅವಳು ನಗಲು ನೋಡಿದಳು. “ಒಂದು ಬಾಗಿಲು ಮುಚ್ಚಿದ ದಿನಾನೇ ದೇವ್ರು ಇನ್ನೊಂದು ತೆಗೆದ ಅಂದ್ಕೊಂಡೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನ ಕೈ ತಾನಾಗಿ ಜೇಬಿನ ಪೆನ್ನಿನ ಮೇಲೆ ಹೋಯಿತು. ಅಂದು ಸಹಿ ಹಾಕಿದ್ದು ಅದರಲ್ಲೇ.

“ಏನೂ ಹೇಳ್ಲಿಲ್ಲ ನೀವು” ಎಂದಳು.

“ಸ್ವಲ್ಪ ಕೆಲಸ ಇದೆ” ಎಂದು ಎದ್ದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಆ ಕಡೆಗೂ ಬೆಳಕಿಲ್ಲ, ಈ ಕಡೆಗೂ ಇಲ್ಲ. ಹಿಂದೆ ತಿರುಗಿ ನೋಡಲು ಅವನಿಗೆ ಮುಖವಿರಲಿಲ್ಲ.

*

ಪೆಟ್ಟಿಗೆ ಏನನ್ನೂ ಮರೆಯುವುದಿಲ್ಲ. ಎಂಟು ತಿಂಗಳ ಹಿಂದಿನ ಪುಟ ತೆಗೆದ. ಹತ್ತೂ ಹನ್ನೆರಡು, ಹತ್ತೂ ಹದಿನಾಲ್ಕು, ಹತ್ತೂ ಹತ್ತೊಂಬತ್ತು. ಒಂದೇ ನಂಬರ್. ಮೂರನೆಯದು ಐವತ್ತೊಂದು ಸೆಕೆಂಡು. ಹೋದ ದನಿ: ಪೂರ್ತಿ. ಬಂದ ದನಿ: ಸೊನ್ನೆ.

ಅಕ್ಕ ಮೌನವಾಗಿರಲಿಲ್ಲ. ಅಕ್ಕ ಮಾತಾಡಿದ್ದಳು. ಹೊರಗಿನ ದನಿಗೆ ಅವನು ಕೊಟ್ಟ ವಿಳಾಸ ಒಳಬಾಗಿಲಿನದು. ಹೊರಗಿನವರ ಪಾಲಿಗೆ ಆ ಬಾಗಿಲು ಇಲ್ಲವೇ ಇಲ್ಲ. ತಂಗಿಯ ಮಾತು ಒಂದಕ್ಷರ ಬಿಡದೆ ಹೋಗಿ ಅಕ್ಕನಿಗೆ ಚುಚ್ಚಿತ್ತು. ಅಕ್ಕನ ಮಾತು ಗೋಡೆಗೆ ಬಡಿದು ಸತ್ತಿತ್ತು. ಆ ಹೊತ್ತಿನಲ್ಲಿ ಇವನು ತುಟಿಗೆ ಉಪಮೆ ಹುಡುಕುತ್ತಿದ್ದ.

ಹೇಳಿದರೆ ಅವಳು ಹೋಗುತ್ತಾಳೆ. ಹೇಳದಿದ್ದರೆ ಅವಳು ಉಳಿಯುತ್ತಾಳೆ, ಅಕ್ಕನಿಲ್ಲದೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮೂರು ದಿನ ಆಸ್ಪತ್ರೆಗೆ ಹೋಗಲಿಲ್ಲ. ‘ಟಕ್’ ಎಂದು ಅವಳ ಮೆಸೇಜ್ ಬಂತು. ಉತ್ತರಿಸಲಿಲ್ಲ. ಮರುದಿನ ‘ಟಕ್ ಟಕ್’ ಎಂದು ಬಂತು. ಮೂರನೆಯ ದಿನ: ‘ಆ ಕಡೆ ಯಾರಾದ್ರೂ ಇದ್ದೀರಾ?’

ನಾಲ್ಕನೆಯ ಬೆಳಿಗ್ಗೆ ಅಮ್ಮ ಎಂದಿನಂತೆ ಕಾವ್ಯ ಓದುತ್ತಿದ್ದವಳು ನಡುವೆ ನಿಲ್ಲಿಸಿ ಕನ್ನಡಕ ತೆಗೆದಳು. “ಏನೋ ನಿನ್ನ ಅವಸ್ಥೆ? ನಾನು ಎರಡು ಪದ್ಯ ಹಾರಿಸಿ ಓದ್ದೆ, ನಿನಗೆ ಗೊತ್ತೇ ಆಗ್ಲಿಲ್ಲ. ಕಿವಿ ಎಲ್ಲಿಟ್ಟಿದ್ದೀಯ?”

“ಅಮ್ಮ, ಒಬ್ರಿಗೆ ಸೇರ್ಬೇಕಾದ ಮಾತು ನನ್ನಿಂದ ತಪ್ಪಿಹೋಗಿದ್ರೆ?”

ಅಮ್ಮ ಯಾರು, ಏನು, ಎತ್ತ ಎಂದು ಕೇಳಲಿಲ್ಲ. “ಓದೋರಿಗಿಂತ ಕೇಳೋರಿಗೆ ಹೊಣೆ ಜಾಸ್ತಿ ಕಣೋ. ತಪ್ಪಿಹೋಗಿದ್ದನ್ನ ತಂದು ಕೊಡು. ಅವರು ಬೈದ್ರೆ ಅದನ್ನೂ ಕೇಳಿಸ್ಕೋ” ಎಂದು ಹೇಳಿ, ಹಾರಿಸಿದ ಎರಡು ಪದ್ಯಗಳನ್ನು ಮೊದಲಿನಿಂದ ಓದಿದಳು.

*

ಅವನು ರಿಜಿಸ್ಟರನ್ನು ತೆಗೆದುಕೊಂಡು ಹೋಗಿ ಕಲ್ಲುಬೆಂಚಿನ ಮೇಲೆ, ಅವಳ ಪಕ್ಕದಲ್ಲಿ ತೆರೆದಿಟ್ಟ.

“ಸತ್ತೇ ಹೋದ್ರೇನೋ ಅಂದ್ಕೊಂಡಿದ್ದೆ” ಎಂದು ಅವಳು ಮುನಿಸಿನಲ್ಲೇ ಶುರು ಮಾಡಿದಳು. “ಮನೆಗೆ ಬರ್ತೀನಿ ಅಂದ್ರಿ. ಮನೇಲಿ ಯಾರೂ ಇಲ್ಲ ಅಂದ ತಕ್ಷಣ ಓಡಿದ್ರಿ. ಇದೇನು, ಲೆಕ್ಕ ಒಪ್ಪಿಸೋಕೆ ಬಂದ್ರಾ?”

“ಇದನ್ನ ಓದಿ.”

“‘ಎರಡೂ ಕಡೆ ಕೇಳಿಸಿತು.’ ಸರಿ. ನಿಮ್ಮ ಸಹಿ. ಏನೀಗ?”

“ಕೇಳಿಸಿರ್ಲಿಲ್ಲ.”

ಹೇಳಿದ. ಎರಡು ಬಾಗಿಲು, ಮೂರು ಸಾಲು, ತಿದ್ದದೆ ಬಿಟ್ಟ ಒಂದು ಪದ. ಮಾಡದ ಎಣಿಕೆ. ಹಾಕಿದ ಸಹಿ. ಕಂಡೂ ಮುಚ್ಚಿಟ್ಟ ಮೂರು ಕರೆ. ತನ್ನ ನಾಚಿಕೆಯನ್ನೂ ಹೇಳಿದ. ಅದನ್ನು ನೆಪವಾಗಿ ಹೇಳಲಿಲ್ಲ, ನಡೆದದ್ದರಲ್ಲಿ ಅದೂ ಒಂದು ಎಂಬಂತೆ ಹೇಳಿದ. ಹಗ್ಗದ ಮೇಲಿನ ಬೆಡ್‌ಶೀಟುಗಳೂ ಗಾಳಿಯಿಲ್ಲದೆ ನಿಂತಿದ್ದವು.

ಅವಳು ಬಹಳ ಹೊತ್ತು ಆ ಮುತ್ತಿನಂಥ ಅಕ್ಷರಗಳನ್ನೇ ನೋಡಿದಳು.

“ಅಂದ್ರೆ ಅಕ್ಕ ಮಾತಾಡ್ತಿದ್ಲು.”

“ಹೌದು.”

“ನಾನಂದಿದ್ದು ಅವಳಿಗೆ ಕೇಳಿಸ್ತಿತ್ತು.”

“…ಪೂರ್ತಿ.”

“‘ಇನ್ಮೇಲೆ ಮಾಡ್ಬೇಡ’ ಅಂದಿದ್ದೂ?”

ಅವನು ತಲೆ ಅಲ್ಲಾಡಿಸಿದ. ಈ ಸಲ ಅದು ಹೌದೋ ಅಲ್ಲವೋ ಎಂದು ಅವಳು ಕೇಳಲಿಲ್ಲ.

“ಬೆರಳು ತಪ್ಪಿದ್ದು ಬಿಡು. ಯಾರ ಬೆರಳು ತಪ್ಪಲ್ಲ? ನಾನೂ ದಿನಕ್ಕೆ ನಾಲ್ಕು ಸಲ ಹೆರಿಗೆ ವಾರ್ಡಿಗೆ ಬಂದ ಫೋನನ್ನ ಮೂಳೆ ಡಾಕ್ಟರಿಗೆ ಕೊಡ್ತೀನಿ.” ಅವಳ ದನಿ ಏರಲಿಲ್ಲ, ಇಳಿಯುತ್ತಾ ಹೋಯಿತು. “ಆದ್ರೆ ಸಹಿ ಬೆರಳು ಹಾಕಲ್ಲ, ಮನುಷ್ಯ ಹಾಕ್ತಾನೆ. ಆವತ್ತೇ ಬಂದು ಒಂದು ಮಾತು ಹೇಳಿದ್ದಿದ್ರೆ ನಾನು ಅಲ್ಲೇ ಅವಳಿಗೆ ಫೋನ್ ಮಾಡ್ತಿದ್ದೆ. ನೀನು ಕರವಸ್ತ್ರ ಕೊಟ್ಟೆ!”

ಎಂಟು ತಿಂಗಳಲ್ಲಿ ಅವಳು ಅವನನ್ನು ‘ನೀನು’ ಎಂದದ್ದು ಅದೇ ಮೊದಲು. ಯಾವತ್ತಾದರೂ ಬರಲಿ ಎಂದು ಅವನು ಕಾದಿದ್ದ ಮಾತು. ಅದು ಹೀಗೆ ಬರಬಾರದಿತ್ತು.

“ಹೋಗು” ಎಂದಳು. “ಈಗ ಹೋಗು.”

*

ದೊಡ್ಡಣ್ಣನಿಗೂ ಅಂದೇ ಹೇಳಿದ. ಅವರು ರಿಜಿಸ್ಟರನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಇದರ ಕೆಳಗೆ ನಂದೂ ಸಹಿ ಇದೆಯಲ್ಲಪ್ಪ. ನಿನ್ನ ಅಕ್ಷರ ನೋಡಿ ಹಾಕಿದ್ದು. ನಾನೂ ಕಿವಿ ಕೊಡ್ಲಿಲ್ಲ.” ರಿಜಿಸ್ಟರನ್ನು ಅವನ ಮುಂದೆ ಸರಿಸಿ, “ಹೊಡೆದುಹಾಕ್ಬೇಡ. ಅದರ ಕೆಳಗೆ ನಿಜ ಬರಿ. ನಾಳೆಯಿಂದ ಹಿಂದಿನ ಎಲ್ಲಾ ಲೈನಿಗೂ ಎಣಿಕೆ ಮಾಡು, ಒಂದೂ ಬಿಡ್ಬೇಡ” ಎಂದರು.

ಅವನು ಬರೆದ: ‘ಈ ದಿನ ಎಣಿಕೆ ಮಾಡಿರಲಿಲ್ಲ. ಒಂದು ಕಡೆ ಮಾತ್ರ ಕೇಳಿಸುತ್ತಿತ್ತು.’ ಈ ಸಲ ಅಕ್ಷರ ಸೊಟ್ಟಗಿತ್ತು.

ಹದಿನೈದು ದಿನ ವಾರ್ಡಿನಿಂದ ವಾರ್ಡಿಗೆ ನಡೆದ. ಮುನ್ನೂರ ಹನ್ನೆರಡು ಫೋನು. ಮೂಳೆ ವಾರ್ಡಿನಲ್ಲಿ, ಔಷಧದಂಗಡಿಯಲ್ಲಿ, ಶವಾಗಾರದ ಕಾವಲುಗಾರನ ಗೂಡಿನಲ್ಲಿ ನಿಂತು ಒಂದು, ಎರಡು, ಮೂರು, ನಾಲ್ಕು, ಐದು ಎಂದ. ಆ ಕಡೆಯಿಂದ ದೊಡ್ಡಣ್ಣ ಬೇಸರವಿಲ್ಲದೆ ಆರು, ಏಳು ಎಂದರು. ಮಕ್ಕಳ ವಾರ್ಡಿನಲ್ಲಿ ಮಂಚಗಳೆಲ್ಲ ಅವನ ಜೊತೆ ಎಣಿಸಿದವು. ಹಳೆಯ ನಂಬರ್ ಒಂದನ್ನು ಮಾತ್ರ ಕೊನೆಗೆ ಉಳಿಸಿದ್ದ. ಅದು ಅವಳ ಮೇಜಿಗೆ ಬರುವಂಥದ್ದು. ಗಾಜಿನ ಆಚೆ ಅವಳು ತಲೆ ಎತ್ತುತ್ತಿರಲಿಲ್ಲ. ಪೆನ್ನು ಟಕ್ ಎನ್ನುತ್ತಿರಲಿಲ್ಲ. ಬಳ್ಳಿಗೆ ಮಾತ್ರ ಹೊಸದೊಂದು ಎಲೆ ಬಂದಿತ್ತು.

ಹದಿನಾರನೆಯ ಬೆಳಿಗ್ಗೆ ಕಿಟಕಿ ಸರಿಯಿತು.

“ಹಳೇ ನಂಬರ್ ಕೆಲಸ ಮಾಡ್ತಿದೆಯಾ?”

“ಮಾಡ್ತಿದೆ.”

“ಗ್ಯಾರಂಟಿನಾ, ಸಹಿನಾ?”

ಅವನು ತಲೆ ತಗ್ಗಿಸಿದ.

“ಅದರಿಂದಾನೇ ಅಕ್ಕನಿಗೆ ಮಾಡ್ತೀನಿ. ಅವಳಿಗೂ ಅದೇ ನಂಬರ್ ಕಾಣ್ಲಿ.” ಹದಿನೈದು ದಿನದಿಂದ ನಂಬರ್ ಒತ್ತುವುದು, ಅಳಿಸುವುದು ಇಷ್ಟೇ ಮಾಡಿದ್ದಳೆಂದು ಅವಳ ಕಣ್ಣೇ ಹೇಳುತ್ತಿತ್ತು. “ನೀವು ಅಲ್ಲೇ ನಿಂತು ನೋಡ್ತಾ ಇರಿ. ಅವಳ ದನಿ ಬರದಿದ್ರೆ… ಅದು ಅವಳ ಕೋಪಾನೋ ನಿಮ್ಮ ಪೆಟ್ಟಿಗೆನೋ, ನನಗೆ ಗೊತ್ತಾಗ್ಬೇಕು.”

‘ನೀವು’ ಎಂದಿದ್ದಳು. ಎಷ್ಟು ದೂರದ ಮಾತು ಅದು! ಅವನು ಲ್ಯಾಪ್‌ಟಾಪಿನ ತೆರೆಯ ಮುಂದೆ ನಿಂತ. ಅವಳು ಕಿಟಕಿ ಮುಚ್ಚಿ, ಹೆಡ್‌ಸೆಟ್ ಹಾಕಿಕೊಂಡು, ನಂಬರ್ ಒತ್ತಿದಳು.

ತೆರೆಯ ಮೇಲೆ ಎರಡು ಅಂಕಿ. ಹೋದ ದನಿ, ಬಂದ ದನಿ. ಆ ಕಡೆ ಫೋನೆತ್ತಿದರು. ಅವಳ ತುಟಿ ಒಂದೇ ಒಂದು ಸಲ ಅಲುಗಿತು: ಅಕ್ಕಾ.

ಬಂದ ದನಿ: ಸೊನ್ನೆ. ಒಂದು ಕ್ಷಣ ಸೊನ್ನೆಯೇ. ದೇವರೇ, ಪೆಟ್ಟಿಗೆಗಾಗಿ ಕೇಳುತ್ತಿಲ್ಲ, ನನಗಾಗಿಯೂ ಅಲ್ಲ.

ಅಂಕಿ ಅಲುಗಿತು. ನಲವತ್ತು. ನೂರಿಪ್ಪತ್ತು. ಇನ್ನೂರು, ಮುನ್ನೂರು, ನಿಲ್ಲದ ಓಟ. ಎರಡು ವರ್ಷ ಎಂಟು ತಿಂಗಳಿನ ಮಾತು ತೂಬು ಒಡೆದ ಹಾಗೆ ನುಗ್ಗುತ್ತಿತ್ತು. ಏನು ಮಾತೆಂದು ಅವನಿಗೆ ಕೇಳಿಸಲಿಲ್ಲ, ಕೇಳಿಸಬೇಕಾದದ್ದೂ ಅಲ್ಲ. ಗಾಜಿನ ಆಚೆ ಅವಳು ಮೇಜಿನ ಮೇಲೆ ತಲೆ ಇಟ್ಟು ಅಳುತ್ತಿದ್ದಳು, ಆಮೇಲೆ ಅಳುತ್ತಲೇ ನಗುತ್ತಿದ್ದಳು. ಅವನು ತೆರೆಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿ ನಿಂತ. ಈ ಸಲ ಅವಳ ತುಟಿಯನ್ನು ನೋಡಲು ಅವನಿಗೆ ಹಕ್ಕಿರಲಿಲ್ಲ.

ಅರ್ಧ ಗಂಟೆಯ ನಂತರ ಕಿಟಕಿ ಸರಿಯಿತು. ಅವಳ ಮೂಗು ಕೆಂಪಾಗಿತ್ತು.

“ಆವತ್ತು ಅವಳು ಏನಂದಿದ್ಲು ಗೊತ್ತಾ? ಮೂರು ಸಲಾನೂ ಒಂದೇ ಮಾತು. ‘ಹೆತ್ತಿಲ್ಲ ಕಣೇ, ಆದ್ರೂ ಹಸಿವಾಯ್ತಾ ಅಂತ ಕೇಳ್ಬೇಕು ಅನ್ಸತ್ತೆ. ಬಾರೇ’ ಅಂತ.” ಅವಳು ಕಣ್ಣೊರೆಸಿಕೊಂಡಳು. “ನಾನು ಅಷ್ಟು ಬೈದ್ನಲ್ಲ, ಯಾಕೆ ಇಡ್ಲಿಲ್ಲ ಅಂತ ಕೇಳ್ದೆ. ಬೈದ್ರೇನು, ದನಿ ಸಿಕ್ತಲ್ಲ ಅಂದ್ಲು. ಯಾವುದೋ ಹಳೇ ಔಷಧಿ ಚೀಟಿ ಮೇಲೆ ಈ ನಂಬರ್ ಇತ್ತಂತೆ. ಇನ್ನೂ ಇಟ್ಕೊಂಡಿದ್ದಾಳೆ.”

ಅವನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದ. ಕರವಸ್ತ್ರ ಅಲ್ಲಿರಲಿಲ್ಲ, ಎಂಟು ತಿಂಗಳಿಂದ ಅದು ಅವಳ ಹತ್ತಿರವೇ ಇತ್ತು.

“ಎಲ್ಲಾ ಹೇಳ್ದೆ ಅವಳಿಗೆ. ನಿಮ್ಮ ಬಗ್ಗೆನೂ.”

“ಏನಂದ್ರು?”

“ಆ ಮಹಾನುಭಾವನ್ನ ಒಂದ್ಸಲ ಕರ್ಕೊಂಡು ಬಾ, ಎದುರು ಕೂರಿಸ್ಕೊಂಡು ಬೈಬೇಕು ಅಂದ್ಲು. ಅಕ್ಕ ಶುರು ಮಾಡಿದ್ರೆ ಬೇಗ ಮುಗಿಸಲ್ಲ. ಕೇಳಿಸ್ಕೊಳ್ಳೋಕೆ ಆಗತ್ತಾ?”

“ಪೂರ್ತಿ ಕೇಳಿಸ್ಕೋತೀನಿ.”

“ನನ್ನ ಕೋಪ ಇನ್ನೂ ಹೋಗಿಲ್ಲ.”

“ಗೊತ್ತು.”

“ಮದುವೆ ಆದ್ಮೇಲೂ ಆಗಾಗ ಬರತ್ತೆ. ನಾನು ಅಕ್ಕನ ಹಾಗೆ ಮೌನ ಹಿಡಿಯೋಳಲ್ಲ. ಮಾತಲ್ಲೇ ಸುಡೋಳು.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳು ಆಗಲೇ ಕಿಟಕಿ ಮುಚ್ಚಿ ತನ್ನ ಕುರ್ಚಿಗೆ ಹೋಗಿ ಕೂತಿದ್ದಳು. ಕೂತು, ತಲೆ ಎತ್ತದೆ, ಪೆನ್ನಿನಿಂದ ಮೇಜಿನ ಮೇಲಿದ್ದ ಫೋನನ್ನು ತೋರಿಸಿದಳು.

ರಿಜಿಸ್ಟರಿನಲ್ಲಿ ಹಳೆಯ ನಂಬರಿನ ಸಾಲು ಇನ್ನೂ ಖಾಲಿಯಿತ್ತು.

ಅವನು ಮೊಬೈಲ್ ತೆಗೆದು ಒತ್ತಿದ. ಗಾಜಿನ ಆಚೆ ದೀಪ ಮಿನುಗಿತು. ಅವಳು ಎತ್ತಿದಳು. ಎಂಟು ತಿಂಗಳ ಹಿಂದೆ ಆಡಬೇಕಾಗಿದ್ದ, ನಾಚಿ ನುಂಗಿದ ಮಾತನ್ನು ಅವನು ಈಗ ಆಡಿದ.

“ಒಂದು. ಎರಡು. ಮೂರು. ನಾಲ್ಕು. ಐದು.”

ಕಿವಿಯಲ್ಲಿ ಬರೀ ಉಸಿರು. ಅವಳು ತಲೆ ಎತ್ತಿ ಗಾಜಿನ ಮೂಲಕ ಅವನನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು, ಒಂದು ಮನೆಯ ಬಾಗಿಲನ್ನು ತೆಗೆಯುವ ಮೊದಲು ನೋಡುವ ಹಾಗೆ. ಅವನು ಕಾದ. ಎಷ್ಟು ಹೊತ್ತಾದರೂ ಕಾಯುವವನಿದ್ದ.

“ಆರು” ಎಂದಳು.